ವಾಸನೆ ಹೋಯಿತು, ಅಪಾಯ ಹೋಗಲಿಲ್ಲ

ಮ್ಯಾನ್‌ಹೋಲ್‌ಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿದ ಕಾರ್ಮಿಕರೊಬ್ಬರು ಮೇಲೆ ಬರಲಿಲ್ಲ, ಅವರನ್ನು ಎತ್ತಲು ಇಳಿದವರೂ ಸತ್ತರು. ಇಂಥ ಸುದ್ದಿ ನಿಮಗೆ ಹೊಸದಲ್ಲ. ಓದಿದ ಕೂಡಲೇ ನಮ್ಮ ಬಾಯಿಗೆ ಬರೋ ಮಾತು, "ಸ್ವಲ್ಪ ಹುಷಾರಾಗಿರಬಾರದಿತ್ತಾ?" ಈ ಮಾತು ಅನ್ಯಾಯದ್ದು. ಅಲ್ಲಿರೋ ಅಪಾಯವನ್ನು ಅಳೆಯೋ ಶಕ್ತಿ ಮನುಷ್ಯನ ಮೆದುಳಿಗೆ ಇಲ್ಲವೇ ಇಲ್ಲ. ನಿಮ್ಮದಕ್ಕೂ ಇಲ್ಲ, ನನ್ನದಕ್ಕೂ ಇಲ್ಲ.

ಮೊದಲು ಅನಿಲದ ವಿಷಯ. ಕೊಳೆತ ಮೊಟ್ಟೆಯ ವಾಸನೆ ಇರುತ್ತಲ್ಲ, ಅದು ಹೈಡ್ರೋಜನ್ ಸಲ್ಫೈಡ್. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗು ಹಿಡಿದುಬಿಡುತ್ತೆ. ಅದೇ ಅನಿಲ 100 ಪಾಲಿಗೆ ಏರಿದರೆ ಕೆಲವೇ ನಿಮಿಷದಲ್ಲಿ ಮೂಗಿನ ಗ್ರಹಣಶಕ್ತಿ ಸತ್ತುಹೋಗುತ್ತೆ. ವಾಸನೆ ಮಾಯ. ಒಳಗಿದ್ದವರಿಗೆ ಏನನ್ನಿಸುತ್ತೆ ಹೇಳಿ? ಗಾಳಿ ಆಡಿತು, ಇನ್ನು ಭಯವಿಲ್ಲ ಅಂತ. ಪ್ರಮಾಣ 700 ದಾಟಿದರೆ ಒಂದೆರಡು ಉಸಿರಲ್ಲೇ ಪ್ರಜ್ಞೆ ತಪ್ಪಬಹುದು, ಕೂಗೋಕೂ ಸಮಯ ಸಿಗಲ್ಲ. ಇದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತೆ. ಹೂಳಿಗೆ ಸಲಿಕೆ ಹಾಕಿದ ಕೂಡಲೇ ಅದರೊಳಗೆ ಅಡಗಿದ್ದದ್ದೂ ಮೇಲೇಳುತ್ತೆ.

ಆಮ್ಲಜನಕ ಕಮ್ಮಿಯಾದರೆ ಉಸಿರು ಕಟ್ಟಿದಂತಾಗಿ ಗೊತ್ತಾಗಲ್ವಾ ಅಂತ ಕೇಳಬಹುದು. ಗೊತ್ತಾಗಲ್ಲ. ಉಸಿರು ಕಟ್ಟುವ ಸಂಕಟ ಮುಖ್ಯವಾಗಿ ಹುಟ್ಟೋದು ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಾಗ. ಬೇರೆ ಅನಿಲ ಬಂದು ಆಮ್ಲಜನಕದ ಜಾಗ ಹಿಡಿದರೆ ಆ ಸಂಕಟ ಬರೋದಕ್ಕೆ ಮೊದಲೇ ಕಾಲು ಕುಸಿಯುತ್ತೆ.

ಇದು ದೇಹದ ಮಾತಾಯ್ತು. ಮನಸ್ಸಿನದು ಇನ್ನೂ ಕಷ್ಟ. ಮನಃಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1987ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ ಹಾಗೆ, ನಾವು ಅತಿಯಾಗಿ ಹೆದರೋದು ಘೋರವಾಗಿ ಕಾಣೋದಕ್ಕೆ, ಅಪರಿಚಿತವಾದದ್ದಕ್ಕೆ. ಅಣು ಸ್ಥಾವರ ಅಂದರೆ ಎದೆ ನಡುಗುತ್ತೆ. ದಿನಾ ತೆರೆಯೋ ಮ್ಯಾನ್‌ಹೋಲ್ ಮುಚ್ಚಳಕ್ಕೆ ನಡುಗಲ್ಲ. ಇಳಿದು ಜೀವಂತ ಮೇಲೆ ಬಂದ ಪ್ರತಿ ಸಲವೂ "ಇದರಲ್ಲೇನೂ ಆಗಲ್ಲ" ಅನ್ನೋದಕ್ಕೆ ಮೆದುಳು ಒಂದು ಸಾಕ್ಷಿ ಬರೆದುಕೊಳ್ಳುತ್ತೆ.

ಓದು ಬರಹ ಇಲ್ಲದವರ ಸಮಸ್ಯೆ ಇದು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಚಾಲೆಂಜರ್ ಬಾಹ್ಯಾಕಾಶ ನೌಕೆಯ ರಾಕೆಟ್ಟಿನ ರಬ್ಬರ್ ಉಂಗುರಗಳು ಸವೆಯುತ್ತಿದ್ದದ್ದು ಹಿಂದಿನ ಹಾರಾಟಗಳಲ್ಲೇ ಗೊತ್ತಾಗಿತ್ತು. ಆದರೂ ನೌಕೆ ಪ್ರತಿ ಸಲ ವಾಪಸ್ ಬಂತು. ಬರಬರುತ್ತಾ ಸವೆತವೇ ಮಾಮೂಲಾಯ್ತು. 1986ರ ಜನವರಿ 28ರಂದು ಅದೇ ಉಂಗುರ ಕೈಕೊಟ್ಟು 7 ಜನ ಸತ್ತರು. ಸಮಾಜಶಾಸ್ತ್ರಜ್ಞೆ ಡಯಾನ್ ವಾನ್ ಈ ದುರಂತವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ತಪ್ಪು ಸಹಜವಾಗಿಬಿಡೋ ಈ ಬಗೆಯನ್ನು ತೋರಿಸಿಕೊಟ್ಟರು.

ನಮ್ಮಲ್ಲಿ ಇದರ ಮೇಲೆ ಜಾತಿಯ ಭಾರವೂ ಇದೆ. ಚರಂಡಿಗೆ ಇಳಿಯೋರಲ್ಲಿ ಬಹುಪಾಲು ದಲಿತರು. ಇಳಿ ಅಂತ ಹೇಳೋನ ಮೈಗೆ ಅಪಾಯ ತಟ್ಟೋದೇ ಇಲ್ಲ, ಹಾಗಾಗಿ ಅವನ ಮೆದುಳು ಹೆದರೋ ಗೋಜಿಗೂ ಹೋಗಲ್ಲ. ರಕ್ಷಣಾ ಸಾಧನ ಇಲ್ಲದೆ ಇಳಿಸೋದನ್ನು 2013ರ ಕಾನೂನು ನಿಷೇಧಿಸಿದೆ. 2023ರಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ನನಗಂತೂ ಪರಿಹಾರದ ಮೊತ್ತಕ್ಕಿಂತ, ಇಳಿಯೋ ಮೊದಲು ಅನಿಲ ಅಳೆಯೋ ಮೀಟರ್ ಬಂತಾ ಅನ್ನೋದೇ ದೊಡ್ಡ ಪ್ರಶ್ನೆ.

ಆಮೇಲೆ ಎರಡನೇ ಸಾವು, ಎತ್ತಲು ಇಳಿದವರದು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ನಿಯೋಶ್ 1986ರಲ್ಲೇ ಎಚ್ಚರಿಸಿತ್ತು: ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರು. ಜೊತೆಗಾರ ಬಿದ್ದದ್ದು ಕಂಡಾಗ ಯೋಚನೆಗಿಂತ ಮೊದಲು ಕಾಲು ಓಡುತ್ತೆ. ಅದು ಮನುಷ್ಯತ್ವ. ಅದನ್ನು "ಜಾಗ್ರತೆ" ಅನ್ನೋ ಬೋರ್ಡಿನಿಂದ ತಡೆಯೋಕಾಗಲ್ಲ.

ಅದಕ್ಕೇ ತೀರ್ಮಾನ ಮುಚ್ಚಳ ತೆರೆಯೋ ಮೊದಲೇ ಆಗಿರಬೇಕು. ಜೆಟ್ಟಿಂಗ್, ಸಕ್ಕಿಂಗ್ ಯಂತ್ರದಿಂದ ಆಗೋ ಕೆಲಸಕ್ಕೆ ಯಾರೂ ಇಳಿಯಬಾರದು. ಇಳಿಯಲೇಬೇಕಾದರೆ ಅನಿಲ ಮೀಟರಿನಿಂದ ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು, ಅದು ಕೆಲಸ ಮುಗಿಯೋವರೆಗೂ ಆನ್ ಇರಬೇಕು. ಆಮ್ಲಜನಕ ಶೇ. 19.5ಕ್ಕಿಂತ ಕೆಳಗಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಬ್ಲೋವರ್ ಓಡುತ್ತಿರಬೇಕು. ಇಳಿದವರ ಮೈಮೇಲೆ ಹಾರ್ನೆಸ್, ಅದರ ಹಗ್ಗ ಹೊರಗಿನ ಟ್ರೈಪಾಡಿನ ವಿಂಚಿಗೆ. ಮೇಲೆ ನಿಂತವರಿಗೆ ಮೊದಲೇ ಕಲಿಸಿರಬೇಕಾದದ್ದು ಇಷ್ಟು: ಏನೇ ಆದರೂ ಒಳಗೆ ಇಳಿಯಬೇಡ, ವಿಂಚ್ ತಿರುಗಿಸು, 112ಕ್ಕೆ ಫೋನ್ ಮಾಡು.