ಪೀಪಾಯಿಯ ಹಿಂದೆ ನಿಂತವರು



ಮಾಟುಂಗದ ಕೇಳುಗರೊಬ್ಬರ ಪತ್ರ ನನ್ನ ಮುಂದಿದೆ. ಹೆಸರು ಹೇಳಬೇಡಿ ಎಂದಿದ್ದಾರೆ, ಹೇಳುವುದಿಲ್ಲ. ಅವರ ಮಗ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾನೆ. ಅಲ್ಲಿನ ಬಿಯರ್ ಉತ್ಸವದಲ್ಲಿ ಸ್ವಯಂಸೇವಕನಾಗಿ ನಿಲ್ಲಲು ಹೆಸರು ಕೊಟ್ಟಿದ್ದಾನಂತೆ. "ಓದಲಿ ಅಂತ ಕಳಿಸಿದ್ದು, ಹೆಂಡ ಬಡಿಸಲಿ ಅಂತಲ್ಲ. ಅದೂ ಬಿಟ್ಟಿ ಚಾಕರಿ!" ಎಂದು ಬರೆದಿದ್ದಾರೆ. ಇಂಥ ಪತ್ರ ಓದಿ ಒಂದು ಚಿತ್ರಗೀತೆ ಹಾಕಿ ಮುಂದೆ ಹೋಗಲು ಮನಸ್ಸಾಗಲಿಲ್ಲ. ಮಕ್ಕಳನ್ನು ಹೊರದೇಶಕ್ಕೆ ಕಳಿಸಿದವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಹಾಗಾಗಿ ಇವತ್ತಿನ ಮಾತು ಇದರ ಬಗ್ಗೆಯೇ.

ಮೊದಲು ಈ 'ರಿಯಲ್ ಏಲ್' ಅಂದರೇನು ನೋಡೋಣ. ಸಾಮಾನ್ಯವಾಗಿ ಕಾರ್ಖಾನೆಯ ಬಿಯರನ್ನು ಸೋಸಿ, ಬಿಸಿ ಮಾಡಿ, ಅನಿಲ ತುಂಬಿಸಿ ಕಳಿಸುತ್ತಾರೆ. ಅದು ತಿಂಗಳುಗಟ್ಟಲೆ ಹಾಗೇ ಇರುತ್ತದೆ. ರಿಯಲ್ ಏಲ್ ಹಾಗಲ್ಲ. ಪೀಪಾಯಿಗೆ ತುಂಬಿದ ಮೇಲೂ ಅದರೊಳಗಿನ ಯೀಸ್ಟ್ ಬದುಕಿರುತ್ತದೆ, ಹುದುಗುತ್ತಲೇ ಇರುತ್ತದೆ. ನಿಮ್ಮ ಮನೆಯ ದೋಸೆ ಹಿಟ್ಟನ್ನು ನೆನೆಸಿಕೊಳ್ಳಿ. ದೆಹಲಿಯ ಜನವರಿಯಲ್ಲಿ ಉಬ್ಬುವುದೇ ಇಲ್ಲ, ಚೆನ್ನೈನ ಮೇ ತಿಂಗಳಲ್ಲಿ ಬೆಳಗಾಗುವುದರೊಳಗೆ ಪಾತ್ರೆ ದಾಟಿ ಕಟ್ಟೆಗೆ ಇಳಿದಿರುತ್ತದೆ. ಜೀವ ಇರುವ ಪದಾರ್ಥ ಅಂದರೆ ಹಾಗೇ, ಯಾರಾದರೂ ನೋಡಿಕೊಳ್ಳಬೇಕು.

1960ರ ದಶಕದಲ್ಲಿ ಇಂಗ್ಲೆಂಡಿನ ದೊಡ್ಡ ಕಂಪನಿಗಳಿಗೆ ಈ ನೋಡಿಕೊಳ್ಳುವ ಕೆಲಸವೇ ಬೇಡವಾಯಿತು. ಹಳೆಯ ರೀತಿಯ ಏಲ್ ಮೂಲೆಗೆ ಸರಿಯುತ್ತಾ ಬಂತು. 1971ರಲ್ಲಿ ನಾಲ್ವರು ಗೆಳೆಯರು ಐರ್ಲೆಂಡಿನಲ್ಲಿ ರಜೆ ಕಳೆಯುವಾಗ ಒಂದು ಚಳವಳಿ ಶುರು ಮಾಡಿದರು. ಅದೇ ಇವತ್ತಿನ ಕ್ಯಾಮ್ರಾ ಸಂಸ್ಥೆ. ಕೇಂಬ್ರಿಜ್‌ನ ಉತ್ಸವ ಆರಂಭವಾದದ್ದು 1974ರಲ್ಲಿ. ಈಗ ಅದು ಸಾಮಾನ್ಯವಾಗಿ ಮೇ ತಿಂಗಳಲ್ಲಿ, ಜೀಸಸ್ ಗ್ರೀನ್ ಎಂಬ ಬಯಲಿನಲ್ಲಿ, ಡೇರೆ ಹಾಕಿ ನಡೆಯುತ್ತದೆ. ಡೇರೆಯ ಒಳಗೆ ಬಡಿಸುವವರು, ಲೋಟ ತೊಳೆಯುವವರು, ಬಾಗಿಲಲ್ಲಿ ನಿಲ್ಲುವವರು ಎಲ್ಲರೂ ಸ್ವಯಂಸೇವಕರೇ.

ಕೆಲಸ ಏನು ಅಂತೀರಾ? ಉತ್ಸವದ ಬಾಗಿಲು ತೆರೆಯುವ ಎಷ್ಟೋ ದಿನ ಮೊದಲೇ ಅದು ಶುರುವಾಗಿರುತ್ತದೆ. ಫರ್ಕಿನ್ ಎಂಬ ಪೀಪಾಯಿಯಲ್ಲಿ 9 ಗ್ಯಾಲನ್, ಅಂದರೆ 72 ಪೈಂಟ್, ನಮ್ಮ ಲೆಕ್ಕದಲ್ಲಿ ಸುಮಾರು 41 ಲೀಟರ್ ಹಿಡಿಯುತ್ತದೆ. ಅದನ್ನು ಅಟ್ಟಣಿಗೆಯ ಮೇಲೆ ಅಡ್ಡ ಮಲಗಿಸಿ, ಅಲ್ಲಾಡದಂತೆ ಬೆಣೆ ಕೊಡುತ್ತಾರೆ. ಮೇಲಿನ ತೂತಿಗೆ ಗಾಳಿಯಾಡುವಂಥ ಮೆತ್ತನೆಯ ಮರದ ಸಣ್ಣ ಗೂಟ ಹೊಡೆಯುತ್ತಾರೆ. ಒಳಗಿನ ಅನಿಲ ಬುಸುಬುಸು ನೊರೆಯಾಗಿ ಹೊರಬರುತ್ತದೆ. ಅಬ್ಬರ ಇಳಿದ ಮೇಲೆ ಆ ಗೂಟ ತೆಗೆದು ಗಟ್ಟಿ ಗೂಟ. ಆಮೇಲೆ ನಲ್ಲಿ. ಇದನ್ನು ಕೊಡತಿಯಿಂದ ಒಂದೇ ಏಟಿಗೆ ಕೂರಿಸಬೇಕು. ಕೈ ಅಳುಕಿದರೆ ತಲೆಯಿಂದ ಕಾಲಿನವರೆಗೆ ಅಭಿಷೇಕ. ಅಷ್ಟಾದ ಮೇಲೂ ಗಸಿ ಕೆಳಗಿಳಿದು ತಿಳಿಯಾಗುವವರೆಗೆ ಯಾರಿಗೂ ಕೊಡುವ ಹಾಗಿಲ್ಲ. ಬೆಳಕಿಗೆ ಹಿಡಿದು ನೋಡುವುದು, ಮೂಸುವುದು, ಒಂದು ಗುಟುಕು ರುಚಿ ನೋಡುವುದು, ಇನ್ನೂ ಸರಿಯಿಲ್ಲ ಅನ್ನಿಸಿದರೆ ನಾಳೆಗೆ ಬಿಡುವುದು. ತಾಪ 11ರಿಂದ 13 ಡಿಗ್ರಿಯಲ್ಲಿ ಇರಬೇಕು. ಡೇರೆಯ ಮೇಲೆ ಬಿಸಿಲು ಬಿದ್ದರೆ ಇವರ ಎದೆ ಹೊಡೆದುಕೊಳ್ಳುತ್ತದೆ. ನಲ್ಲಿ ತಿರುಗಿಸಿ ಒಳಗೆ ಗಾಳಿ ಹೋಯಿತೆಂದರೆ ಎರಡು ಮೂರು ದಿನ ಅಷ್ಟೇ, ಆಮೇಲೆ ಹುಳಿ.

ಈ ಆರೈಕೆಗೆ ಕೂಲಿ ಕಟ್ಟಿದರೆ ಸಣ್ಣ ಊರಿನ ಉತ್ಸವಗಳು ನಡೆಯುವುದೇ ಕಷ್ಟ. ಬಿಟ್ಟಿ ಚಾಕರಿ ಎಂಬ ಮಾತಿಗೆ ನನ್ನ ಉತ್ತರ ಇದು. ನಮ್ಮ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ದಿನ ಕುರ್ಚಿ ಹಾಕುವವರಿಗೆ, ಬಿಸಿಬೇಳೆಭಾತ್ ಬಡಿಸುವವರಿಗೆ ಯಾರು ಸಂಬಳ ಕೊಡುತ್ತಾರೆ ಹೇಳಿ? ಆದರೆ ಒಂದು ಪ್ರಶ್ನೆಯನ್ನು ಮಗ ಕೇಳಲೇಬೇಕು: ಬಂದ ಹಣ ಯಾರಿಗೆ? ಚಳವಳಿಗೋ, ಊರಿನ ದತ್ತಿ ಕೆಲಸಕ್ಕೋ ಹೋಗುವುದಾದರೆ ಸರಿ. ಖಾಸಗಿಯವರು ಲಾಭಕ್ಕೆ ನಡೆಸುವ ಮೇಳದಲ್ಲಿ ಬಿಟ್ಟಿಯಾಗಿ ದುಡಿಯುವುದು ಸೇವೆ ಅಲ್ಲ, ಅದು ಬರೀ ಬಿಟ್ಟಿ.

ಕುಡಿತದ ಭಯ ಇದೆಯಲ್ಲ, ಅದನ್ನು ನಾನು ಹಗುರ ಮಾಡುವುದಿಲ್ಲ. ಕುಡಿತದಿಂದ ಮನೆ ಹಾಳಾದದ್ದನ್ನು ನಾವೆಲ್ಲ ಕಂಡವರೇ. ಆದರೆ ಗಲ್ಲದ ಆ ಕಡೆ ನಿಂತವನಿಗೆ ಅಲ್ಲಿ ಕಾನೂನಿನ ಹೊಣೆ ಇದೆ. 18 ತುಂಬದವರಿಗೆ ಮಾರುವುದು ಅಪರಾಧ. ಆಗಲೇ ಅಮಲೇರಿದವನಿಗೆ ಗೊತ್ತಿದ್ದೂ ಇನ್ನೊಂದು ಲೋಟ ಕೊಡುವುದೂ ಅಪರಾಧ. "ಸಾಕು, ಸ್ವಾಮಿ" ಎಂದು ಎತ್ತರದ ಆಳೊಬ್ಬನಿಗೆ ನಗುನಗುತ್ತಾ ಹೇಳುವುದನ್ನು ಇಪ್ಪತ್ತೆರಡರ ಹುಡುಗ ಕಲಿಯುತ್ತಾನೆ. ಕುಡಿಯದವರಿಗೂ ಕೆಲಸ ಬೇಕಾದಷ್ಟಿದೆ: ಟಿಕೆಟ್, ಲೋಟದ ಠೇವಣಿ, ಲೆಕ್ಕ.

ಸೈಡರ್ ಮೇಜಿನಲ್ಲಿ ಇನ್ನೂ ಎಚ್ಚರ ಬೇಕು. ಸೇಬನ್ನು ಅರೆದು, ಹಿಂಡಿ, ರಸ ಹುದುಗಿಸಿದರೆ ಸೈಡರ್. ಪೇರು ಹಣ್ಣಿನದಾದರೆ ಪೆರ್ರಿ. ಇಲ್ಲಿ ಕುದಿಸುವ ಮಾತಿಲ್ಲ. ಸಾಂಪ್ರದಾಯಿಕ ಸೈಡರ್‌ನಲ್ಲಿ ಎಷ್ಟೋ ಸಲ ಗುಳ್ಳೆಯೂ ಇರುವುದಿಲ್ಲ, ನೋಡಲು ಹಣ್ಣಿನ ರಸದ ಹಾಗೆಯೇ. ಏಲ್‌ನಲ್ಲಿ ಮದ್ಯಸಾರ ಶೇಕಡ 4ರ ಆಸುಪಾಸು ಇದ್ದರೆ ಇದರಲ್ಲಿ 6, 7 ಇರುವುದು ಸಾಮಾನ್ಯ. ಗೊತ್ತಿಲ್ಲದೆ ಪೈಂಟ್ ಕೇಳಿದವರಿಗೆ "ಮೊದಲು ಮೂರನೇ ಒಂದು ಪೈಂಟ್ ತೆಗೆದುಕೊಳ್ಳಿ" ಎಂದು ಹೇಳುವುದು ಒಳ್ಳೆಯ ಸ್ವಯಂಸೇವಕನ ಲಕ್ಷಣ.

ಅಂದ ಹಾಗೆ, ಸಸ್ಯಾಹಾರಿಗಳಿಗೆ ಒಂದು ಮಾತು. ಏಲ್‌ನ ಗಸಿ ಬೇಗ ಇಳಿಯಲಿ ಎಂದು ಮೀನಿನ ಗಾಳಿಚೀಲದಿಂದ ಮಾಡಿದ ವಸ್ತುವನ್ನು ಬೆರೆಸುವ ವಾಡಿಕೆ ಇದೆ. ಅದಿಲ್ಲದೆ ಕೊಂಚ ಮಸುಕಾಗಿಯೇ ಬರುವ ಏಲ್‌ಗಳೂ ಇವೆ. ಕೇಳಿದರೆ ಹೇಳುತ್ತಾರೆ.

ಇಂಡಿಯಾದವನು ಎಂದು ತಿಳಿದರೆ ಹುಡುಗನಿಗೆ ಇಂಡಿಯಾ ಪೇಲ್ ಏಲ್ ಬಗ್ಗೆ ಯಾರಾದರೂ ಖಂಡಿತ ಕೆಣಕುತ್ತಾರೆ. ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನ ಹಾಜ್ಸನ್ ಎಂಬವನ ಭಟ್ಟಿಯಿಂದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಪೇಲ್ ಏಲ್ ಇಲ್ಲಿಗೆ ಬರುತ್ತಿತ್ತು. ಕುಡಿಯುತ್ತಿದ್ದವರು ಇಲ್ಲಿದ್ದ ಬಿಳಿಯರು, ಹೆಸರು ಮಾತ್ರ ನಮ್ಮ ದೇಶದ್ದು!

ಕೊನೆಯದಾಗಿ ವೀಸಾ ವಿಷಯ, ಇದೇ ಮುಖ್ಯ. ವಿದ್ಯಾರ್ಥಿ ವೀಸಾದಲ್ಲಿ ಕೆಲಸದ ಗಂಟೆಗಳಿಗೆ ಮಿತಿ ಇದೆ. ಪದವಿ ಓದುವವರಿಗೆ ಪಾಠದ ದಿನಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ. ಸಂಬಳವಿಲ್ಲದ ಕೆಲಸವೂ ಕೆಲವೊಮ್ಮೆ ಆ ಲೆಕ್ಕಕ್ಕೆ ಸೇರುತ್ತದೆ. ಹೆಸರು ಕೊಡುವ ಮೊದಲು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಒಂದು ಮಾತು ಕೇಳಲಿ. ಪರೀಕ್ಷೆಯ ವೇಳಾಪಟ್ಟಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಲಿ, ಮೇ ತಿಂಗಳು ಅಲ್ಲಿ ಪರೀಕ್ಷೆಯ ಕಾಲವೂ ಹೌದು. ಇನ್ನು ಗಟ್ಟಿ ಅಟ್ಟೆಯ ಬೂಟು ಇರಲಿ ಎನ್ನಿ. ಪೀಪಾಯಿಯ ಕೆಳಗಿನ ನೆಲ ಯಾವಾಗಲೂ ಒದ್ದೆ.