ಕರುಳಿನೊಳಗಿನ ಬೆಳೆ ಮತ್ತು ಕಳೆ



ಬ್ಯಾಕ್ಟೀರಿಯಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಾಲರಾ, ಕ್ಷಯ, ಟೈಫಾಯ್ಡ್. ಆದರೆ ಈಗ, ಈ ಮಾತನ್ನು ಕೇಳುತ್ತಿರುವ ಹೊತ್ತಿನಲ್ಲೇ, ನಿಮ್ಮ ದೊಡ್ಡ ಕರುಳಿನಲ್ಲಿ ನೂರಾರು ಜಾತಿಯ ಬ್ಯಾಕ್ಟೀರಿಯಾಗಳು ನಿಮಗಾಗಿ ದುಡಿಯುತ್ತಿವೆ. ಅವು ಎಷ್ಟಿವೆ? ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮಿಲೊ ಮತ್ತು ಸಂಗಡಿಗರು 2016ರಲ್ಲಿ ಲೆಕ್ಕ ಹಾಕಿದರು. 70 ಕಿಲೋ ತೂಕದ ಗಂಡಸಿನ ದೇಹದಲ್ಲಿ ಅವು ಸುಮಾರು 38 ಲಕ್ಷ ಕೋಟಿ. ದೇಹದ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಬ್ಯಾಕ್ಟೀರಿಯಾಗಳು ನಮ್ಮ ಕೋಶಗಳ ಹತ್ತು ಪಟ್ಟು ಎಂಬ ಹಳೆಯ ಮಾತು ನಿಮಗೆಲ್ಲಾದರೂ ಸಿಕ್ಕರೆ ನಂಬಬೇಡಿ. ಎಲ್ಲವನ್ನೂ ಒಟ್ಟುಗೂಡಿಸಿ ತೂಗಿದರೆ ಬರುವುದು 200 ಗ್ರಾಂ ಆಸುಪಾಸು.

ಇವುಗಳ ಕೆಲಸವೇನು? ರಾಗಿ, ಕಾಳು, ಸೊಪ್ಪಿನ ನಾರಿನಂಶವನ್ನು ಜೀರ್ಣಿಸುವ ಶಕ್ತಿ ನಮ್ಮ ಜಠರಕ್ಕೂ ಇಲ್ಲ, ಸಣ್ಣ ಕರುಳಿಗೂ ಇಲ್ಲ. ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿದು ಅಲ್ಲಿ ಹುಳಿಯುತ್ತದೆ. ಆಗ ಹುಟ್ಟುವ ಆಮ್ಲಗಳಲ್ಲಿ ಬ್ಯುಟಿರಿಕ್ ಆಮ್ಲ ಒಂದು. ಹಳಸಿದ ಬೆಣ್ಣೆಯ ವಾಸನೆಗೆ ಕಾರಣವಾದದ್ದೂ ಇದೇ. ವಾಸನೆ ಹೇಗೇ ಇರಲಿ, ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಆಹಾರ ಅದು. ಜೊತೆಗೆ ಈ ಬ್ಯಾಕ್ಟೀರಿಯಾಗಳು ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ವಿಟಮಿನ್ನನ್ನೂ ಒಂದಿಷ್ಟು ತಯಾರಿಸುತ್ತವೆ. ಹಸುಗೂಸಿನ ಕರುಳಿನಲ್ಲಿ ಇವಿನ್ನೂ ನೆಲೆಯೂರಿರುವುದಿಲ್ಲ, ತಾಯಿಯ ಹಾಲಿನಲ್ಲೂ ಈ ವಿಟಮಿನ್ ಕಡಿಮೆ. ಹುಟ್ಟಿದ ಕೂಡಲೇ ಮಗುವಿಗೆ ಅದರ ಚುಚ್ಚುಮದ್ದು ಕೊಡುವುದು ಇದಕ್ಕಾಗಿ.

ಆದರೆ ಇವುಗಳ ದೊಡ್ಡ ಉಪಕಾರ ಕಣ್ಣಿಗೆ ಬೀಳುವುದು ಇವು ಇಲ್ಲವಾದಾಗ. ಬೆಳೆ ಒತ್ತಾಗಿ ನಿಂತ ಹೊಲದಲ್ಲಿ ಕಳೆಗೆ ತಲೆಯೆತ್ತಲು ಜಾಗವಿರುವುದಿಲ್ಲವಷ್ಟೆ. ಆಂಟಿಬಯಾಟಿಕ್ ಔಷಧಿ ರೋಗಾಣುವನ್ನು ಕೊಲ್ಲುವಾಗ ಈ ಬೆಳೆಯನ್ನೂ ಕೊಯ್ದುಹಾಕುತ್ತದೆ. ಅದಕ್ಕೆ ನಂಟರು ಯಾರು, ಕಳ್ಳರು ಯಾರು ಎಂಬುದು ತಿಳಿಯದು. ನ್ಯುಮೋನಿಯಾದಂಥ ರೋಗದಲ್ಲಿ ಈ ನಷ್ಟವನ್ನು ಸಹಿಸಲೇಬೇಕು, ಅಲ್ಲಿ ಪ್ರಾಣ ಉಳಿಯುವುದು ಮುಖ್ಯ. ನೆಗಡಿಯ ಮಾತೇ ಬೇರೆ. ನೆಗಡಿ ವೈರಸ್ಸಿನಿಂದ ಬರುವಂಥದ್ದು. ವೈರಸ್ಸಿಗೆ ಈ ಮಾತ್ರೆ ಏನೂ ಮಾಡದು. ಕಳೆದ ಸಲ ಉಳಿದ ನಾಲ್ಕು ಮಾತ್ರೆಗಳನ್ನು ಪೆಟ್ಟಿಗೆಯಿಂದ ಹುಡುಕಿ ನುಂಗಿದರೆ ನೆಗಡಿ ಹೋಗುವುದಿಲ್ಲ, ಹೊಲಕ್ಕೆ ಮಾತ್ರ ಕುಡುಗೋಲು ಬೀಳುತ್ತದೆ.

ಬಯಲಾದ ಆ ಹೊಲದಲ್ಲಿ ಬೆಳೆಯುವ ಕಳೆಯ ಹೆಸರು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲೆ. ಪ್ರಯೋಗಾಲಯದಲ್ಲಿ ಬೆಳೆಸುವುದು ಕಷ್ಟವಾಗಿದ್ದರಿಂದ ಈ ಹೆಸರು ಬಂತು. 1935ರಲ್ಲಿ ಇದನ್ನು ಮೊದಲು ಕಂಡದ್ದು ಆರೋಗ್ಯವಂತ ಹಸುಗೂಸುಗಳ ಮಲದಲ್ಲಿ! ಆಂಟಿಬಯಾಟಿಕ್ ಬಿದ್ದಾಗ ಇದು ಗಟ್ಟಿ ಕವಚದ ಬೀಜಕವಾಗಿ ಬದುಕುಳಿಯುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಪಿತ್ತರಸದ ಆಮ್ಲಗಳನ್ನು ಮಾರ್ಪಡಿಸಿ ಇದರ ಬೆಳವಣಿಗೆಯನ್ನು ತಡೆಯುತ್ತಿರುತ್ತವೆ. ಅವು ಅಳಿದಾಗ ಮಾರ್ಪಡದೆ ಉಳಿದ ಆಮ್ಲಗಳೇ ಬೀಜಕವನ್ನು ಮೊಳೆಯಿಸುತ್ತವೆ. ಆಮೇಲೆ ವಿಷ, ಕರುಳಿನಲ್ಲಿ ಹುಣ್ಣು, ನಿಲ್ಲದ ಭೇದಿ. ಮುದುಕರಲ್ಲಿ ಸಾವೂ ಉಂಟು. ಇದಕ್ಕೆ ಕೊಡುವುದು ಮತ್ತೊಂದು ಆಂಟಿಬಯಾಟಿಕ್. ಹಲವರಲ್ಲಿ ಅದನ್ನು ನಿಲ್ಲಿಸಿದೊಡನೆ ರೋಗ ಮರಳುತ್ತದೆ.

1958ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಬೆನ್ ಐಸ್‌ಮನ್ ಎಂಬ ಶಸ್ತ್ರವೈದ್ಯರು ಮತ್ತು ಅವರ ಸಂಗಡಿಗರು ಆಂಟಿಬಯಾಟಿಕ್‌ನ ನಂತರ ಇಂಥ ಕರುಳುಬೇನೆಗೆ ತುತ್ತಾದ ನಾಲ್ವರು ರೋಗಿಗಳಿಗೆ ಆರೋಗ್ಯವಂತರ ಮಲವನ್ನು ಎನಿಮಾ ರೂಪದಲ್ಲಿ ಕೊಟ್ಟ ವರದಿ ಪ್ರಕಟಿಸಿದರು. ಅಸಹ್ಯ ಎನ್ನುವಿರೇನೋ. ನಾಲ್ವರೂ ಚೇತರಿಸಿಕೊಂಡರು. ಆಗ ರೋಗದ ನಿಜವಾದ ಕಾರಣ ತಿಳಿದಿರಲಿಲ್ಲ. ಡಿಫಿಸಿಲೆಯ ಕೈವಾಡ ಬಯಲಾದದ್ದು 1978ರಲ್ಲಿ. ಐಸ್‌ಮನ್‌ರ ಉಪಾಯಕ್ಕೆ ಸರಿಯಾದ ಪರೀಕ್ಷೆ ನಡೆಯಲು ಇನ್ನೂ ಬಹಳ ಕಾಲ ಹಿಡಿಯಿತು. 2013ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವೈದ್ಯರು ಫಲಿತಾಂಶ ಪ್ರಕಟಿಸಿದರು: ದಾನಿಯ ಮಲದ್ರಾವಣವನ್ನು ಮೂಗಿನ ಮೂಲಕ ಇಳಿಸಿದ ಕೊಳವೆಯಿಂದ ಪಡೆದ 16 ಮಂದಿಯಲ್ಲಿ 13 ಮಂದಿ ಮೊದಲ ಸಲಕ್ಕೇ ಗುಣವಾದರು. ವ್ಯಾಂಕೊಮೈಸಿನ್ ಒಂದನ್ನೇ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು. ಅಂತರ ಇಷ್ಟು ದೊಡ್ಡದೆಂದು ಕಂಡಮೇಲೆ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು.

ಬೊಜ್ಜು, ಮಧುಮೇಹ, ಮನಸ್ಸಿನ ಖಿನ್ನತೆ ಎಲ್ಲಕ್ಕೂ ಕರುಳಿನ ಬ್ಯಾಕ್ಟೀರಿಯಾಗಳ ನಂಟನ್ನು ಇಂದು ಹೇಳುವವರಿದ್ದಾರೆ. ಎರಡು ಸಂಗತಿ ಒಟ್ಟಿಗೆ ಕಂಡಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಅಲ್ಲಿ ನಾನು ಇನ್ನೂ ಕಾದು ನೋಡುವವನು. ಡಿಫಿಸಿಲೆಯ ವಿಷಯದಲ್ಲಿ ಮಾತ್ರ ಸಂಶಯಕ್ಕೆ ಎಡೆಯಿಲ್ಲ. ಹಾಗೆಂದು ಮಲದ ಕಸಿ ಮನೆಮದ್ದೂ ಅಲ್ಲ. ಸರಿಯಾಗಿ ಪರೀಕ್ಷಿಸದ ದಾನಿಯ ಮಲದಿಂದ ಔಷಧಿಗೆ ಬಗ್ಗದ ಇ. ಕೋಲಿ ತಗುಲಿ ರೋಗಿಯೊಬ್ಬರು ಸತ್ತರೆಂದು 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಎಚ್ಚರಿಸಿತು. ಅದೇ ಇಲಾಖೆ 2023ರಲ್ಲಿ ಒಂದು ಕ್ಯಾಪ್ಸೂಲಿಗೆ ಒಪ್ಪಿಗೆ ನೀಡಿತು. ಅದರೊಳಗೆ ಇರುವುದು ಪರೀಕ್ಷಿತ ದಾನಿಗಳ ಮಲದಿಂದ ಶುದ್ಧಗೊಳಿಸಿ ತೆಗೆದ ಒಳ್ಳೆಯ ಬ್ಯಾಕ್ಟೀರಿಯಾಗಳ ಬೀಜಕಗಳು. ಆಂಟಿಬಯಾಟಿಕ್ ಮುಗಿದ ಮೇಲೆ, ದಿನಕ್ಕೆ ನಾಲ್ಕರಂತೆ, ಮೂರು ದಿನ ನುಂಗಬೇಕು.