ಕರೆಂಟಿಗೂ ಬೇಕು ಸಹಕಾರದ ಕಟ್ಟುಪಾಡು
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷ ಹಣ ಕೂಡಿಟ್ಟು ಹಂಚಿಕೊಂಡವರು ನಾವು. ಗೋದಾಮಿನ ಮೇಲೆ ಸೋಲಾರ್ ಹಾಕಿಸಿ ಕರೆಂಟನ್ನೂ ಹಾಗೇ ಹಂಚಿಕೊಳ್ಳೋಣ ಎಂದು ಕಳೆದ ಮಹಾಸಭೆಯಲ್ಲಿ ಒಬ್ಬರು ಹೇಳಿದಾಗ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಗಿರಣಿ ನಿಲ್ಲುತ್ತದೆ, ನಲ್ಲಿ ನೀರೂ ನಿಲ್ಲುತ್ತದೆ. ಇದು ನಗುವ ಮಾತಲ್ಲ.

ಸ್ಕಾಟ್ಲೆಂಡಿನ ಪಶ್ಚಿಮ ಕಡಲಲ್ಲಿ ಐಗ್ ಎಂಬ ಪುಟ್ಟ ದ್ವೀಪವಿದೆ. ಜನ ನೂರರ ಆಸುಪಾಸು. ಹೊರಗಿನ ಲೈನು ಅಲ್ಲಿಗೆ ಬಂದಿರಲೇ ಇಲ್ಲ. ಹೆಚ್ಚಿನ ಮನೆಗಳಲ್ಲಿ ಡೀಸೆಲ್ ಜನರೇಟರ್. 2008ರಲ್ಲಿ ಅವರು ಹಳ್ಳದ ನೀರು, ಗಾಳಿ, ಬಿಸಿಲು ಮೂರರಿಂದಲೂ ಕರೆಂಟು ಮಾಡಿ, ದ್ವೀಪಕ್ಕೆಲ್ಲ ಹಂಚತೊಡಗಿದರು. ಹೆಚ್ಚಾದದ್ದು ಬ್ಯಾಟರಿಗೆ. ಅದೂ ತುಂಬಿದರೆ ಸಮುದಾಯ ಭವನ ಬೆಚ್ಚಗಾಗುತ್ತದೆ. ತೀರಾ ಕಡಿಮೆಯಾದಾಗ ಮಾತ್ರ ಡೀಸೆಲ್.

ಆದರೆ ನಾವು ಕಲಿಯಬೇಕಾದ್ದು ಯಂತ್ರವಲ್ಲ, ಕಟ್ಟುಪಾಡು. ಒಂದು ಮನೆ ಒಮ್ಮೆಗೆ 5 ಕಿಲೋವ್ಯಾಟ್ ಮೀರುವಂತಿಲ್ಲ. ಅಂಗಡಿ, ಉದ್ಯಮಗಳಿಗೆ 10. ಮೀರಿದರೆ ಸರಬರಾಜು ತಾನೇ ಕಟ್! ಮನೆ ದೊಡ್ಡದಿರಲಿ ಚಿಕ್ಕದಿರಲಿ, ಮಿತಿ ಒಂದೇ. ನಮ್ಮಲ್ಲಿ ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಓಟು ಅಲ್ಲವೇ? ಹಾಗೆಯೇ.

ಸಹಕಾರಿಗಳಿಗೆ ಕರೆಂಟು ಹೊಸದೇನಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಹಳ್ಳಿಗಳಿಗೆ ವಿದ್ಯುತ್ ಹಂಚುವ ಸಹಕಾರ ಸಂಘ 1969ರಲ್ಲೇ ಹುಟ್ಟಿತು. ಗುಜರಾತಿನ ಢುಂಡಿ ಗ್ರಾಮದಲ್ಲಿ ಆರು ಜನ ರೈತರು ಸೋಲಾರ್ ಪಂಪಿನ ಸಂಘ ಕಟ್ಟಿ, ನೀರೆತ್ತಿ ಉಳಿದ ಕರೆಂಟನ್ನು 2016ರಿಂದ ವಿದ್ಯುತ್ ಕಂಪನಿಗೆ ಮಾರತೊಡಗಿದರು.

ಇನ್ನು ನಮ್ಮ ವಿಚಾರ. ಎರಡು ಮಾತು ನೆನಪಿಡಿ. ಒಂದು, ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಲೈನು ಹೋದಾಗ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ ಜೀವ ಉಳಿಯಬೇಕಲ್ಲ! ಎರಡು, ಬ್ಯಾಟರಿ ದುಬಾರಿ, ಸವೆಯುವ ವಸ್ತು. ಆದ್ದರಿಂದ ಕರೆಂಟು ಕೂಡಿಡುವ ಮೊದಲು ಕೆಲಸವನ್ನು ಕೂಡಿಡೋಣ. ಬಿಸಿಲಿದ್ದಾಗಲೇ ಗಿರಣಿ ಓಡಲಿ, ಮಧ್ಯಾಹ್ನವೇ ನೀರಿನ ಟ್ಯಾಂಕು ತುಂಬಲಿ. ತುಂಬಿದ ಟ್ಯಾಂಕೂ ಒಂದು ಬ್ಯಾಟರಿಯೇ. ನಿಜವಾದ ಬ್ಯಾಟರಿ ರಾತ್ರಿಯ ದೀಪಕ್ಕಿರಲಿ.

ಗೋದಾಮಿನಿಂದ ಬೇರೆ ಮನೆಗಳಿಗೆ ಕೊಡಲು ವಿದ್ಯುತ್ ಕಂಪನಿಯ ಒಪ್ಪಿಗೆ ಬೇಕು, ಅದನ್ನು ಕೇಳೋಣ. ಅದಕ್ಕೂ ಮೊದಲು ನಾವು ಕೂತು ತೀರ್ಮಾನಿಸಬೇಕಾದ್ದು: ಮೋಡ ಮುಸುಕಿದ ದಿನ ಮೊದಲು ಯಾರಿಗೆ? ಗಿರಣಿಗೋ, ಕುಡಿಯುವ ನೀರಿಗೋ, ಓದುವ ಮಕ್ಕಳ ದೀಪಕ್ಕೋ? ಇದನ್ನು ಬರೆದು ಸಹಿ ಹಾಕದೆ ಒಂದು ಪ್ಯಾನೆಲನ್ನೂ ಮೇಲೇರಿಸಬೇಡಿ. ಯಂತ್ರ ಕೆಟ್ಟರೆ ರಿಪೇರಿಯಾಗುತ್ತದೆ, ಮನಸ್ಸು ಕೆಟ್ಟರೆ ಸಂಘ ಉಳಿಯುವುದಿಲ್ಲ.